ಒಂಟಿ ಅರ್ಜಿಗೆ ಎರಡನೆಯ ಸಹಿ

(ಸಂಘದ ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಮಹಿಳೆ ಮತ್ತು ಉದ್ಯೋಗ' ಎಂಬ ವಿಷಯವಾಗಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ಒಡನೆಯೇ ಒಪ್ಪಿಕೊಂಡೆ. ಮನೆಗೆ ಹೋಗಿ ಕುಳಿತಾಗ ವಿಷಯದ ವಿಸ್ತಾರ ಕಂಡು ಅಂಜಿಕೆಯಾಯಿತು. ಹೊಲದಲ್ಲಿ ಕಳೆ ಕೀಳುವವಳಿಂದ ಹಿಡಿದು ರಾಯಭಾರಿಯವರೆಗೆ ಎಲ್ಲರೂ ಆ ಎರಡು ಪದಗಳೊಳಗೆ ಬರುತ್ತಾರೆ. ಆದ್ದರಿಂದ ನಿಮ್ಮ ಅಪ್ಪಣೆ ಪಡೆದು ವಿಷಯವನ್ನು ಕಿರಿದು ಮಾಡಿಕೊಂಡಿದ್ದೇನೆ. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಖಾಯಂ ಹುದ್ದೆಯ ಬಾಗಿಲಲ್ಲಿ ಏನಾಗುತ್ತದೆ, ಆಗ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬಷ್ಟಕ್ಕೆ ನನ್ನ ಮಾತು ಸೀಮಿತ. ವಿದ್ಯೆಯ ಮನೆಯಲ್ಲಿ ಇಂಥದ್ದು ನಡೆಯುವುದಿಲ್ಲವೆಂದು ನಾವೆಲ್ಲ ನಂಬಿಕೊಂಡಿರುವುದರಿಂದಲೇ ಇದನ್ನು ಆರಿಸಿಕೊಂಡೆ.

ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ, ಮದುವೆಯಾಗಿ 1994ರಲ್ಲಿ ಈ ಮಹಾನಗರಿಗೆ ಬಂದೆ. ಉಪನಗರದ ಒಂದು ಕಾಲೇಜಿನಲ್ಲಿ (ಹೆಸರು ಬೇಡ) ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದೆ. ಏಪ್ರಿಲ್‌ನಲ್ಲಿ ಬಿಡುಗಡೆಯ ಪತ್ರ, ಜುಲೈಯಲ್ಲಿ ಮರುನೇಮಕದ ಪತ್ರ. ನಡುವಿನ ಬೇಸಗೆಯಲ್ಲಿ ನಾನು ಯಾರೂ ಅಲ್ಲ. 1996ರಲ್ಲಿ ಆ ಹುದ್ದೆ ಖಾಯಂ ಆಗುವ ಸುದ್ದಿ ಬಂತು, ಸಂದರ್ಶನವೂ ನಡೆಯಿತು. ಆಗ ನಾನು ಐದು ತಿಂಗಳ ಗರ್ಭಿಣಿ. ಸಮಿತಿಯ ಹಿರಿಯರೊಬ್ಬರು ಬಲು ಸೌಜನ್ಯದಿಂದಲೇ, "ಮಗುವಾದ ಮೇಲೆ ನಿಮಗೇ ತೊಂದರೆಯಾಗುವುದಿಲ್ಲವೇ?" ಎಂದು ವಿಚಾರಿಸಿದರು. ಅರ್ಥಶಾಸ್ತ್ರದ ಒಂದು ಪ್ರಶ್ನೆಯೂ ಬರಲಿಲ್ಲ. ಹುದ್ದೆ ಬೇರೊಬ್ಬರಿಗೆ ಹೋಯಿತು. ಜುಲೈಯಲ್ಲಿ ನನ್ನ ಮರುನೇಮಕದ ಪತ್ರವೂ ಬರಲಿಲ್ಲ.

ಅದೇ ವಿಭಾಗದಲ್ಲಿ ಮರಾಠಿ ಭಾಷಿಕ ಹಿರಿಯ ಅಧ್ಯಾಪಕಿಯೊಬ್ಬರಿದ್ದರು. ನಾವು ಕಿರಿಯರೆಲ್ಲ ಅವರನ್ನು 'ತಾಈ' ಎಂದು ಕರೆಯುತ್ತಿದ್ದೆವು. ಮರಾಠಿಯಲ್ಲಿ ಅಕ್ಕ ಎಂದರ್ಥ. ಧಾರವಾಡದ ನನ್ನ ಕಿವಿಗೆ ಅದು ಯಾವಾಗಲೂ ತಾಯಿ ಎಂದೇ ಕೇಳಿಸುತ್ತಿತ್ತು. ಅವರು ಮನೆಗೆ ಬಂದು, "ಕುಲಪತಿಗಳಿಗೆ ಒಂದು ಅರ್ಜಿ ಬರೆ, ಕೆಳಗೆ ನಾನೂ ಸಹಿ ಹಾಕುತ್ತೇನೆ" ಎಂದರು. ನಾನು ಬರೆಯಲಿಲ್ಲ. ಅತ್ತೆಯವರು ಬೇಡವೆಂದರು, ಯಜಮಾನರು "ನಿನಗೆ ತೋರಿದಂತೆ ಮಾಡು" ಎಂದರು, ನನಗೆ ಏನೂ ತೋರಲಿಲ್ಲ. ಮರುವರ್ಷ ಸ್ಪರ್ಧಾ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಸೇವೆಗೆ ಸೇರಿದೆ. ಲೋಕದ ಕಣ್ಣಿಗೆ ನನಗೆ ಒಳ್ಳೆಯದೇ ಆಯಿತು. ಆದರೆ ಆ ಸಹಿಯನ್ನು ನಾನು ಬೇಡವೆಂದದ್ದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಓದುವ ಒಂದು ಚಟವಿರುತ್ತದೆ: ಸುತ್ತೋಲೆ, ತಿದ್ದುಪಡಿ, ಅಡಿಟಿಪ್ಪಣಿ. ಈ ಚಟ ಲೋಕೋಪಕಾರಕ್ಕೂ ಒದಗಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗವಿದೆ. ಬರ್ನಿಸ್ ಸ್ಯಾಂಡ್ಲರ್ ಎಂಬಾಕೆ 1969ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದರು. ಅಲ್ಲಿಯೇ ಅರೆಕಾಲಿಕವಾಗಿ ಕಲಿಸುತ್ತಲೂ ಇದ್ದರು. ವಿಭಾಗದಲ್ಲಿ ಏಳು ಹುದ್ದೆಗಳು ಖಾಲಿಯಿದ್ದರೂ ಒಂದಕ್ಕೂ ಇವರ ಹೆಸರು ಪರಿಗಣನೆಗೆ ಬರಲಿಲ್ಲ. ಏಕೆಂದು ಕೇಳಿದರೆ, ಹೆಣ್ಣಿಗೆ ಒಪ್ಪುವುದಕ್ಕಿಂತ ನಿಮ್ಮ ನಡೆನುಡಿ ಹೆಚ್ಚು ಗಟ್ಟಿಯಾಯಿತು ಎಂಬರ್ಥದ ಉತ್ತರ ಸಿಕ್ಕಿತು. ಸ್ಯಾಂಡ್ಲರ್ ಗ್ರಂಥಾಲಯಕ್ಕೆ ಹೋಗಿ, ಜನಾಂಗ ತಾರತಮ್ಯದ ವಿರುದ್ಧದ ಕಾನೂನುಗಳ ಬಗೆಗಿನ ಒಂದು ಸರ್ಕಾರಿ ವರದಿಯನ್ನು ಓದತೊಡಗಿದರು. ಅದರ ಅಡಿಟಿಪ್ಪಣಿಯೊಂದರಲ್ಲಿ ಒಂದು ಸಂಗತಿಯಿತ್ತು: ಕೇಂದ್ರ ಸರ್ಕಾರದ ಗುತ್ತಿಗೆ ಪಡೆಯುವವರು ತಾರತಮ್ಯ ಮಾಡಬಾರದೆಂಬ ಅಧ್ಯಕ್ಷರ 11246ನೆಯ ಆದೇಶಕ್ಕೆ ತಿದ್ದುಪಡಿಯಾಗಿ, 1968ರ ಅಕ್ಟೋಬರಿನಿಂದ 'ಲಿಂಗ' ಎಂಬ ಪದವೂ ಅದರಲ್ಲಿ ಸೇರಿದೆ. ವಿಶ್ವವಿದ್ಯಾಲಯಗಳೂ ಸಂಶೋಧನೆಗಾಗಿ ಸರ್ಕಾರದ ಗುತ್ತಿಗೆ ಪಡೆಯುತ್ತವಲ್ಲ! ಆ ಒಂದು ಸಾಲಿನ ಬಲದ ಮೇಲೆ 1970ರ ಜನವರಿಯಲ್ಲಿ ಮಹಿಳಾ ಸಮಾನತೆಯ ಸಂಘಟನೆಯೊಂದರ ಮೂಲಕ ದೂರು ಸಲ್ಲಿಸಿ, ಮುಂದೆ ಸುಮಾರು 250 ವಿದ್ಯಾಸಂಸ್ಥೆಗಳ ವಿರುದ್ಧ ದೂರುಗಳನ್ನು ದಾಖಲಿಸಿದರು. ಅಲ್ಲಿಯತನಕ ಅಲ್ಲಿನ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಉದ್ಯೋಗ ಭಾಗ ಅಧ್ಯಾಪಕರಿಗೆ ಅನ್ವಯಿಸುತ್ತಲೇ ಇರಲಿಲ್ಲ. ಆ ವಿನಾಯಿತಿ 1972ರಲ್ಲಿ ಹೋಯಿತು. ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 'ಟೈಟಲ್ ನೈನ್' ಎಂಬ ಶಾಸನವೂ ಅದೇ ವರ್ಷ ಬಂತು.

ಇಲ್ಲಿ ಅಧಿಕಾರಿಯಾಗಿ ಒಂದು ಮಾತು. ಸ್ಯಾಂಡ್ಲರ್ ಹಿಡಿದುಕೊಂಡ ಆ 11246ನೆಯ ಆದೇಶವನ್ನು 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಒಂದು ಸಹಿಯಿಂದ ರದ್ದುಪಡಿಸಿದರು. ಸಂಸತ್ತು ಮಾಡಿದ ಶಾಸನವನ್ನು ಹಾಗೆ ಅಳಿಸಲಾಗದು. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗುತ್ತದೆ. ನಮ್ಮ ದೇಶದಲ್ಲೂ ಸುತ್ತೋಲೆಯನ್ನು ನಂಬಿ ನಿಶ್ಚಿಂತರಾಗುವವರು ಇದನ್ನು ಗಮನಿಸಬೇಕು.

ಆ ದೇಶದಲ್ಲಿ 'ಟೆನ್ಯೂರ್' ಎಂಬ ಪದ್ಧತಿಯಿದೆ. ಐದಾರು ವರ್ಷ ಕಲಿಸಿ, ಸಂಶೋಧನೆ ನಡೆಸಿದ ಬಳಿಕ ಸಹೋದ್ಯೋಗಿಗಳ ಸಮಿತಿಯೊಂದು ಗುಟ್ಟಾಗಿ ತೂಗಿ ನೋಡಿ, ಒಂದೋ ಜೀವನಪರ್ಯಂತ ಖಾಯಂ ಮಾಡುತ್ತದೆ, ಇಲ್ಲವೋ ಮನೆಗೆ ಕಳುಹಿಸುತ್ತದೆ. ಈ ಗುಟ್ಟಿನ ಕೋಣೆಯಲ್ಲಿ ಪುರುಷರೇ ಕುಳಿತಿರುತ್ತಿದ್ದ ಕಾಲದಲ್ಲಿ ಏನಾಗುತ್ತಿತ್ತೆಂದು ಊಹಿಸಬಹುದು. ಬ್ರೌನ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಲೂಯಿಸ್ ಲ್ಯಾಂಫಿಯರ್ ಅವರಿಗೆ 1974ರಲ್ಲಿ ಖಾಯಂ ಸ್ಥಾನ ನಿರಾಕರಿಸಲಾಯಿತು. ಮರುವರ್ಷ ಅವರು ಮೊಕದ್ದಮೆ ಹೂಡಿದರು, ಬೇರೆ ಅಧ್ಯಾಪಕಿಯರೂ ಸೇರಿಕೊಂಡರು. 1977ರಲ್ಲಿ ರಾಜಿಯ ಒಪ್ಪಂದವಾಗಿ ಅವರಿಗೆ ಖಾಯಂ ಸ್ಥಾನ ದೊರೆತುದಲ್ಲದೆ, ಮಹಿಳೆಯರ ನೇಮಕಕ್ಕೆ ಗುರಿಗಳನ್ನು ಹಾಕಿಕೊಳ್ಳುವುದನ್ನೂ ವಿಶ್ವವಿದ್ಯಾಲಯ ಒಪ್ಪಬೇಕಾಯಿತು. ಆ ಒಪ್ಪಂದ 1992ರವರೆಗೆ ಜಾರಿಯಲ್ಲಿತ್ತು.

ನಮಗೆ ಇನ್ನೂ ಹತ್ತಿರದ್ದು ಶ್ಯಾಮಲಾ ರಾಜೇಂದರ್ ಅವರ ಪ್ರಕರಣ. ಭಾರತದಿಂದ ಹೋದ ರಸಾಯನಶಾಸ್ತ್ರಜ್ಞೆ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ತಾತ್ಕಾಲಿಕವಾಗಿ ಕಲಿಸುತ್ತಿದ್ದರು. ಖಾಯಂ ಹುದ್ದೆಯ ಹಾದಿಗೆ ತಮ್ಮನ್ನು ಪರಿಗಣಿಸದಿರಲು ಹೆಣ್ಣೆಂಬುದೂ ಪರದೇಶದವಳೆಂಬುದೂ ಕಾರಣವೆಂದು 1973ರಲ್ಲಿ ನ್ಯಾಯಾಲಯಕ್ಕೆ ಹೋದರು. ಪರನಾಡಿನಲ್ಲಿ ನೆಲೆಸಿದ ನಮಗೆ ಆ ಎರಡನೆಯ ಕಾರಣದ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಐದು ವರ್ಷಗಳ ಬಳಿಕ, 1978ರಲ್ಲಿ, ಅದು ಇಡೀ ವಿಶ್ವವಿದ್ಯಾಲಯದ ಅಧ್ಯಾಪಕಿಯರ ಪರವಾದ ಮೊಕದ್ದಮೆಯೆಂದು ಮಾನ್ಯವಾಯಿತು. 1980ರಲ್ಲಿ ನ್ಯಾಯಾಧೀಶ ಮೈಲ್ಸ್ ಲಾರ್ಡ್ ಅವರ ಮುಂದೆ ರಾಜಿಯಾಯಿತು. ರಾಜೇಂದರ್ ಅವರಿಗೆ ಸಿಕ್ಕಿದ್ದು 1 ಲಕ್ಷ ಡಾಲರ್. ಆದರೆ ಆ ತೀರ್ಪಿನಡಿ ಉಳಿದ ಮಹಿಳೆಯರೂ ತಮ್ಮ ದೂರುಗಳನ್ನು ತರುವಂತಾಯಿತು, ನೇಮಕದ ಕ್ರಮವೇ ಬದಲಾಯಿತು. ಆಕೆಯಾದರೋ ರಸಾಯನಶಾಸ್ತ್ರಕ್ಕೆ ಮರಳಲಿಲ್ಲ. ಕಾನೂನು ಓದಿ ವಕೀಲಿ ವೃತ್ತಿಗೆ ಹೋದರು. ಗೆದ್ದವಳ ಪ್ರಯೋಗಶಾಲೆ ಅವಳಿಗೆ ಉಳಿಯಲಿಲ್ಲ. ಈ ವಿಷಯದಲ್ಲಿ ಮಾತನಾಡುವವರು ಗೆಲುವಿನ ಈ ಬೆಲೆಯನ್ನು ಮರೆಮಾಚಬಾರದೆಂದು ನನ್ನ ಅಭಿಪ್ರಾಯ.

ಒಬ್ಬ ಅಧ್ಯಾಪಕಿ ಏಳು ವರ್ಷ ಒಂದು ವಿಶ್ವವಿದ್ಯಾಲಯದ ಖಜಾನೆಯೆದುರು ನಿಲ್ಲುವುದು ಸಾಧಾರಣ ಮಾತೇ? ಈ ಅರಿವಿನಿಂದಲೇ ಅಲ್ಲಿ ಆಸರೆಯ ಏರ್ಪಾಡುಗಳು ಹುಟ್ಟಿದವು. ವಿಶ್ವವಿದ್ಯಾಲಯ ಪದವೀಧರೆಯರ ಅಮೆರಿಕನ್ ಸಂಘವು 1881ರಷ್ಟು ಹಳೆಯದು. ಅದು ಸರಿಯಾಗಿ ನೂರು ವರ್ಷಗಳ ಮೇಲೆ, 1981ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಾಪಕಿಯರ ಮೊಕದ್ದಮೆಗೆ ನೆರವಾಗಲೆಂದು ಕಾನೂನು ನಿಧಿಯೊಂದನ್ನು ತೆರೆಯಿತು. ನಮ್ಮ ಸಂಘದಂಥದ್ದೇ ಒಂದು ಸಂಘ, ವಂತಿಗೆ ಎತ್ತಿ, ಕೂಟ ನಡೆಸಿ ಬೆಳೆದದ್ದು.

ಹಣಕ್ಕಿಂತ ಮೊದಲು ಬೇಕಾದದ್ದು ಲೆಕ್ಕ. ಎಂ.ಐ.ಟಿ.ಯ ಜೀವವಿಜ್ಞಾನಿ ನ್ಯಾನ್ಸಿ ಹಾಪ್ಕಿನ್ಸ್ ತಮಗೆ ಸಾಕಷ್ಟು ಜಾಗ ಕೊಟ್ಟಿಲ್ಲವೆಂದು ಹೇಳಿದಾಗ ಯಾರೂ ನಂಬಲಿಲ್ಲ. ಆಕೆ ಅಳತೆ ಟೇಪು ಹಿಡಿದು ಪ್ರಯೋಗಶಾಲೆಗಳನ್ನು ಅಳೆದರು. ಪುರುಷ ಸಹೋದ್ಯೋಗಿಗಳಿಗಿಂತ ತಮಗೆ ಕಡಿಮೆ ಜಾಗವಿದೆಯೆಂಬುದು ಅಂಕಿಗಳಲ್ಲೇ ಕಂಡಿತು. 1994ರಲ್ಲಿ ಒಂದು ಪತ್ರ ಬರೆದು ವಿಜ್ಞಾನ ವಿಭಾಗಗಳ ಉಳಿದ ಖಾಯಂ ಅಧ್ಯಾಪಕಿಯರಿಗೆ ತೋರಿಸಿದಾಗ, ಒಟ್ಟು 17 ಮಂದಿಯಲ್ಲಿ 16 ಮಂದಿ ಸಹಿ ಹಾಕಿದರು. ತನಗೆ ಮಾತ್ರ ಹೀಗಾಗಿದೆ, ಬಹುಶಃ ತನ್ನದೇ ತಪ್ಪಿರಬೇಕು ಎಂದು ಅವರಲ್ಲಿ ಎಷ್ಟೋ ಮಂದಿ ಅಷ್ಟು ಕಾಲ ಅಂದುಕೊಂಡಿದ್ದರು. 1999ರಲ್ಲಿ ಪ್ರಕಟವಾದ ವರದಿಯಲ್ಲಿ ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅವರೇ ತಾರತಮ್ಯ ನಡೆದದ್ದನ್ನು ಒಪ್ಪಿಕೊಂಡರು. ಯಾವ ಮೊಕದ್ದಮೆಯೂ ಬೇಕಾಗಲಿಲ್ಲ.

ಇದೆಲ್ಲ ಸಮುದ್ರದಾಚೆಯ ಮಾತಾಯಿತು ಎನ್ನುವವರಿಗೆ ನಮ್ಮ ನೆಲದ ಎರಡು ಹೆಸರು ಹೇಳುತ್ತೇನೆ. ಕಮಲಾ ಸೊಹೋನಿ (ಆಗ ಭಾಗವತ್) 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಹಿಡಿದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲು ತಟ್ಟಿದಾಗ, ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೇ ಬೇಡವೆಂದರು. ಆಕೆ ಹಟ ಬಿಡದೆ ನಿಂತ ಮೇಲೆ ಒಂದು ವರ್ಷ ಪರೀಕ್ಷಾರ್ಥ ಎಂಬ ಷರತ್ತಿನೊಡನೆ ಸೇರಿಸಿಕೊಂಡರು. ಮುಂದೆ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಇಷ್ಟಾಗಿಯೂ ಮುಂಬಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನ ಅವರಿಗೆ ಬಹಳ ತಡವಾಗಿ ದೊರೆಯಿತು. ರಾಮನ್ ಅವರ ಮೇಲಿನ ನನ್ನ ಗೌರವ ಇದರಿಂದ ಅಳಿದಿಲ್ಲ. ಆದರೆ ಬೆಳಕಿನ ಚದುರುವಿಕೆಯನ್ನು ಕಂಡ ಕಣ್ಣಿಗೆ ಇದು ಕಾಣದೆ ಹೋಯಿತಲ್ಲ ಎಂದು ಆಶ್ಚರ್ಯವಾಗುತ್ತದೆ.

ಎರಡನೆಯವರು ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಸರ್ಕಾರದ ಅನುಮತಿ ಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ರಾಜೀನಾಮೆ ಕೊಡಬೇಕು, ಮದುವೆಯಾದ ಹೆಣ್ಣಿಗೆ ನೇಮಕದ ಹಕ್ಕಿಲ್ಲ ಎಂಬ ನಿಯಮಗಳು ಆ ಸೇವೆಯಲ್ಲಿ ಅಚ್ಚಾಗಿದ್ದವು. ಬಡ್ತಿ ನಿರಾಕರಿಸಿದಾಗ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆ ನಡೆಯುತ್ತಿದ್ದಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಹಾಗಾಗಿ 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಅರ್ಜಿಯನ್ನು ವಜಾ ಮಾಡಿದರು. ಆದರೆ ವಜಾ ಮಾಡುತ್ತಲೇ ಆ ನಿಯಮಗಳನ್ನು ಕಟುವಾಗಿ ಖಂಡಿಸಿ, ಸೇವಾ ನಿಯಮಗಳಲ್ಲಿನ ಲಿಂಗ ತಾರತಮ್ಯದ ಕಲೆಯನ್ನು ತೊಡೆಯುವಂತೆ ಸರ್ಕಾರಕ್ಕೆ ತಿಳಿಸಿದರು. ನಾನು ಇಂದು ಮದುವೆಯಾಗಿಯೂ ಕೇಂದ್ರ ಸೇವೆಯಲ್ಲಿ ನಿಶ್ಚಿಂತೆಯಿಂದ ಕುಳಿತಿರುವುದರಲ್ಲಿ ಆ ಕೊಡವತಿಯ ಋಣವಿದೆ.

ಈಗ ನಮ್ಮ ಕಾನೂನಿನ ಆಸರೆಗಳಿಗೆ ಬರುತ್ತೇನೆ. 2013ರ ಕಾಯಿದೆಯಂತೆ ಹತ್ತು ಮಂದಿ ಇರುವ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಇರಬೇಕೆಂಬುದು ಎಲ್ಲರಿಗೂ ತಿಳಿದಿದೆ. ಅಂಥ ಸಮಿತಿಯೊಂದರ ಅಧ್ಯಕ್ಷೆಯಾಗಿ ಹೇಳುತ್ತೇನೆ, ಅದರ ವ್ಯಾಪ್ತಿ ಲೈಂಗಿಕ ಕಿರುಕುಳ. ಬಡ್ತಿ ತಪ್ಪಿಸಿದರು, ಹುದ್ದೆ ಕೊಡಲಿಲ್ಲ ಎಂಬ ದೂರು ಅಷ್ಟರಿಂದಲೇ ಅಲ್ಲಿ ನಿಲ್ಲುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ಆರು ತಿಂಗಳು ಕಳೆದು, ಬೇರೆ ಕಡೆಯ ಗಡುವನ್ನು ತಪ್ಪಿಸಿಕೊಳ್ಳುತ್ತಾರೆ. ಸರ್ಕಾರಿ ಸಂಸ್ಥೆಯಾದರೆ ಸಂವಿಧಾನದ 14, 15, 16ನೆಯ ವಿಧಿಗಳ ಬಲದ ಮೇಲೆ ಉಚ್ಚ ನ್ಯಾಯಾಲಯವಿದೆ. ಕೇಂದ್ರ ನೌಕರರಿಗೆ ಆಡಳಿತ ನ್ಯಾಯಮಂಡಳಿಯಿದೆ. ಅಲ್ಲಿ ಸಾಮಾನ್ಯವಾಗಿ ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಹೋಗಬೇಕು. ವಕೀಲರ ಶುಲ್ಕಕ್ಕೆ ಹೆದರುವವರು ಗಮನಿಸಬೇಕಾದದ್ದು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ, ವರಮಾನ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಪದವೀಧರೆಯರೇ ಇದನ್ನು ತಿಳಿದಿಲ್ಲ.

ತಾತ್ಕಾಲಿಕ ನೇಮಕದವರಿಗೆ ಹೆರಿಗೆಯ ಸೌಲಭ್ಯವಿಲ್ಲವೆಂದು ಕಾಲೇಜುಗಳು ಇಂದಿಗೂ ಹೇಳುತ್ತವೆ. ದೆಹಲಿ ನಗರಪಾಲಿಕೆಯ ದಿನಗೂಲಿ ಹೆಣ್ಣಾಳುಗಳಿಗೂ ಅದು ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ 2000ದ ಮಾರ್ಚ್ 8ರಂದೇ ತೀರ್ಪಿತ್ತಿದೆ. 2023ರ ಆಗಸ್ಟ್‌ನಲ್ಲಿ, ಗುತ್ತಿಗೆಯ ವೈದ್ಯೆಯೊಬ್ಬರ ಪ್ರಕರಣದಲ್ಲಿ, ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆಯ ಸೌಲಭ್ಯ ಪೂರ್ತಿ ಸಲ್ಲಬೇಕೆಂದಿತು. ರಸ್ತೆ ಅಗೆಯುವ ಹೆಣ್ಣಾಳುಗಳು ತಮ್ಮ ಒಕ್ಕೂಟದ ಬಲದಿಂದ ಗಳಿಸಿದ್ದನ್ನು ಎಂ.ಎ. ಓದಿದ ನಾವು ಕೇಳಲೂ ಇಲ್ಲ.

ಗುಟ್ಟಿನ ಕೋಣೆಯ ಮಾತಿಗೆ ಮರಳುತ್ತೇನೆ. ವಾರ್ಟನ್‌ನಲ್ಲಿ ಖಾಯಂ ಸ್ಥಾನ ತಪ್ಪಿದ ಅಧ್ಯಾಪಕಿ ರೋಸಲೀ ಟಂಗ್ ಅವರ ದೂರಿನ ಮೇಲೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1990ರಲ್ಲಿ, ವಿಶ್ವವಿದ್ಯಾಲಯಗಳು ಸಮಿತಿಯ ಕಡತಗಳನ್ನು ಗೌಪ್ಯವೆಂದು ತನಿಖಾ ಆಯೋಗದಿಂದ ಬಚ್ಚಿಡುವಂತಿಲ್ಲವೆಂದು ಒಮ್ಮತದಿಂದ ಹೇಳಿತು. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಹತ್ತು ರೂಪಾಯಿಯ ಅರ್ಜಿಯಿಂದ ಬಹುಮಟ್ಟಿಗೆ ಅದೇ ಕೆಲಸವನ್ನು ಮಾಡುತ್ತದೆ. 2008ರ ದೇವ್ ದತ್ ಪ್ರಕರಣದ ಬಳಿಕ ಸರ್ಕಾರಿ ನೌಕರರ ವಾರ್ಷಿಕ ವರದಿಯ ಪ್ರತಿಯೊಂದು ಷರಾವನ್ನೂ ಆತನಿಗೆ, ಆಕೆಗೆ ತಿಳಿಸಲೇಬೇಕು. ಕಾಲೇಜುಗಳಲ್ಲಾದರೋ ಕೋಣೆ ಇನ್ನಷ್ಟು ಮುಚ್ಚಿತು: ಯು.ಜಿ.ಸಿ.ಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರ ಶೈಕ್ಷಣಿಕ ಅಂಕಗಳನ್ನು ಸಂದರ್ಶನಕ್ಕೆ ಕರೆಯುವ ಮಟ್ಟಿಗೆ ಇರಿಸಿ, ಅಂತಿಮ ಆಯ್ಕೆಯನ್ನು ಸಂದರ್ಶನದ ಮೇಲೆಯೇ ನಿಲ್ಲಿಸಿತು. ಹಾಗಾಗಿ ಆ ಹದಿನೈದು ನಿಮಿಷಗಳಲ್ಲಿ ಕೇಳುವ ಪ್ರಶ್ನೆ ಯಾವುದೆಂಬುದಕ್ಕೆ ಇನ್ನಿಲ್ಲದ ಮಹತ್ವ ಬಂದಿದೆ.

ನಾನು ಬರೀ ಅನ್ಯಾಯಕ್ಕೊಳಗಾದವಳೆಂದು ನೀವು ತಿಳಿಯಬಾರದು. 2009ರಲ್ಲಿ ನಮ್ಮ ಇಲಾಖೆಯ ವರ್ಗಾವಣೆ ಸಮಿತಿಯಲ್ಲಿ ನಾನಿದ್ದೆ. ಬಡ್ತಿಗೆ ಅನುಕೂಲವಾಗುವ ಕಷ್ಟದ ಹುದ್ದೆಯೊಂದಕ್ಕೆ ಒಬ್ಬ ಮಹಿಳೆಯ ಹೆಸರು ಬಂತು. "ಚಿಕ್ಕ ಮಗುವಿದೆ, ಪಾಪ, ಬೇಡ" ಎಂದು ಒಬ್ಬರೆಂದರು. ನಾನು ತಲೆಯಾಡಿಸಿದೆ. ಆಕೆಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. 1996ರ ಆ ಸೌಜನ್ಯದ ಪ್ರಶ್ನೆ ಹದಿಮೂರು ವರ್ಷಗಳ ಮೇಲೆ ನನ್ನ ತಲೆಯಲ್ಲೇ ಕುಳಿತಿತ್ತು. ಮುಂದೊಂದು ದಿನ ಆಕೆ, "ಮೇಡಂ, ನಾನು ಹೋಗಲು ಸಿದ್ಧಳಿದ್ದೆ" ಎಂದಾಗ ನನಗೆ ಉತ್ತರವಿರಲಿಲ್ಲ.

ಈ ವರ್ಷದ ಮಳೆಗಾಲದಲ್ಲಿ ನಮ್ಮ ಸಂಘದ ಹಳೆಯ ಸದಸ್ಯರೊಬ್ಬರ ಮಗಳು ಮನೆಗೆ ಬಂದಳು. ಅವಳ ಒಪ್ಪಿಗೆಯ ಮೇರೆಗೆ, ಹೆಸರು ಊರುಗಳನ್ನು ಬಿಟ್ಟು ಹೇಳುತ್ತಿದ್ದೇನೆ. ಅನುದಾನಿತ ಕಾಲೇಜೊಂದರಲ್ಲಿ ಏಳು ವರ್ಷಗಳಿಂದ ತಾಸಿನ ಲೆಕ್ಕದಲ್ಲಿ, ಇಲ್ಲಿಯವರು ಸಿ.ಎಚ್.ಬಿ. ಎನ್ನುತ್ತಾರಲ್ಲ ಅದರಲ್ಲಿ, ಕಲಿಸುತ್ತಿದ್ದಾಳೆ. ಖಾಯಂ ಹುದ್ದೆಯ ಸಂದರ್ಶನದಲ್ಲಿ ಮದುವೆ, ಮಗು, ಅತ್ತೆಮನೆ ಎಲ್ಲವನ್ನೂ ಕೇಳಿ ಕಳುಹಿಸಿದ್ದಾರೆ. "ಆಂಟಿ, ಬರೆದರೆ ಇರುವ ತಾಸುಗಳೂ ಹೋಗುತ್ತವೆ. ಬರೆಯಲೋ ಬೇಡವೋ?" ಎಂದಳು. ಬರೆ ಎನ್ನುವುದು ನನಗೆ ಸುಲಭ, ನನಗೆ ಪಿಂಚಣಿಯಿದೆ. ಹಾಗಾಗಿ ಬರೆ ಎನ್ನಲಿಲ್ಲ. ಸಂದರ್ಶನದ ದಿನದ ಪ್ರಶ್ನೆಗಳನ್ನು, ಯಾರು ಯಾವುದನ್ನು ಕೇಳಿದರೆಂದು, ನೆನಪಿರುವಾಗಲೇ ದಿನಾಂಕ ಹಾಕಿ ಬರೆದಿಡು ಎಂದೆ. ಅದೇ ದಿನ ಸಂದರ್ಶನಕ್ಕೆ ಬಂದಿದ್ದ ಉಳಿದ ಹೆಣ್ಣುಮಕ್ಕಳನ್ನು ಹುಡುಕಿ ಕೇಳು ಎಂದೆ. ಹುಡುಕಿದಳು. ಇಬ್ಬರಿಗೆ ಅದೇ ಪ್ರಶ್ನೆಗಳು ಬಂದಿದ್ದವು. ಗಂಡಸರಲ್ಲಿ ಅವಳು ಮಾತನಾಡಿಸಿದ ಮೂವರಿಗೆ ಬಂದಿರಲಿಲ್ಲ. ಆಮೇಲೆ ಅರ್ಜಿಯನ್ನು ಅವಳೇ ಬರೆದಳು. ಆ ಇಬ್ಬರಲ್ಲಿ ಒಬ್ಬಳು ಕೆಳಗೆ ಸಹಿ ಹಾಕಿದಳು, ಇನ್ನೊಬ್ಬಳು ಹಾಕಲಿಲ್ಲ. ಹಾಕದವಳ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಅವಳೇ.

ಅಂಕಪಟ್ಟಿಗಾಗಿ ಹಾಕಿದ ಮಾಹಿತಿ ಹಕ್ಕಿನ ಅರ್ಜಿಗೆ 'ಗೌಪ್ಯ' ಎಂಬ ಒಂದು ಸಾಲಿನ ಉತ್ತರ ಬಂದಿದೆ. ಸಂದರ್ಶಕರ ಹೆಸರನ್ನು ಕೊಡದಿರಬಹುದು, ಅಂಕಗಳನ್ನು ಕೊಡಬೇಕೆಂಬುದಕ್ಕೆ 2016ರ ಕೇರಳ ಲೋಕಸೇವಾ ಆಯೋಗದ ಪ್ರಕರಣದ ತೀರ್ಪಿನ ಆಧಾರವಿದೆ. ಅದನ್ನು ಲಗತ್ತಿಸಿ ಮೊದಲ ಮೇಲ್ಮನವಿ ಸಲ್ಲಿಸಿದ್ದಾಯಿತು. ವಿಚಾರಣೆ ಮುಂದಿನ ತಿಂಗಳಿದೆ. ಅವಳ ತಂದೆಗೆ ಮೊಣಕಾಲು ನೋವು, ಗಂಡನಿಗೆ ಪಾಳಿಯ ಕೆಲಸ. ಅಂದು ಅವಳೊಡನೆ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಲು, ಅವಳ ಮಗುವನ್ನು ಮಧ್ಯಾಹ್ನದವರೆಗೆ ನೋಡಿಕೊಳ್ಳಲು ಇಬ್ಬರು ಬೇಕಾಗಿದ್ದಾರೆ. ನಾನು ರಜೆ ಹಾಕಿದ್ದೇನೆ, ಇನ್ನೊಬ್ಬರ ಹೆಸರನ್ನು ಸಂಚಾಲಕಿಯವರಲ್ಲಿ ಬರೆಸಬಹುದು.

ಕಾರ್ಯಕಾರಿ ಸಮಿತಿಯವರ ಒಪ್ಪಿಗೆಯಿಂದ ಇನ್ನು ಮುಂದೆ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ವಾಚನಾಲಯದಲ್ಲಿ ನಾನು ಕುಳಿತಿರುತ್ತೇನೆ. ಬರುವವರು ನೇಮಕದ ಪತ್ರ, ಬಿಡುಗಡೆಯ ಪತ್ರ, ಸಂಬಳದ ಚೀಟಿಗಳ ಎರಡೆರಡು ನಕಲು ತರಬೇಕು, ಮೂಲಪ್ರತಿ ಮನೆಯಲ್ಲಿರಲಿ. ವಾಚನಾಲಯದ ಪಂಖ ಕೆಟ್ಟಿದೆಯೆಂದು ಗ್ರಂಥಪಾಲಕರು ನೆನಪಿಸುತ್ತಿದ್ದಾರೆ, ಕಾರ್ಯದರ್ಶಿಗಳು ದಯವಿಟ್ಟು ಅದನ್ನೊಂದು ನೋಡಬೇಕು.